ಪಂದ್ಯದ ವರದಿಯಲ್ಲಿ ತರಬೇತುದಾರರ ಹೆಸರೂ ಇರಲಿ

ಮಾನ್ಯ ಸಂಪಾದಕರೇ,

ಶಾಲಾ ಹಾಕಿ ಫೈನಲ್‌ ಪಂದ್ಯದ ವರದಿ ಓದಿದೆ. ಗೋಲು ಹೊಡೆದ ಹುಡುಗಿಯರ ಹೆಸರಿತ್ತು, ಬಹುಮಾನ ಕೊಟ್ಟ ಅತಿಥಿಗಳ ಹೆಸರಿತ್ತು. ಜುಲೈ ತಿಂಗಳ ಜಡಿಮಳೆಯಲ್ಲೂ ಬೆಳಿಗ್ಗೆ ಆರಕ್ಕೆ ಆ ಹುಡುಗಿಯರನ್ನು ಮೈದಾನಕ್ಕೆ ಇಳಿಸಿದವರ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಮೂವತ್ತೊಂದು ವರ್ಷ ದೈಹಿಕ ಶಿಕ್ಷಕನಾಗಿದ್ದ ನನಗೆ ಇದು ನೋವುಂಟುಮಾಡಿತು.

ಅಮೆರಿಕದಲ್ಲಿ ಬೇಸ್‌ಬಾಲ್ ತಂಡ ಕಟ್ಟಿ ಬೆಳೆಸಿದ ಹ್ಯಾರಿ ರೈಟ್ ನೆನಪಾದರು. ಬೇಸ್‌ಬಾಲ್ ನಮ್ಮ ಕೊಡಗಿನ ಆಟವಲ್ಲ, ನಿಜ. ಆದರೆ ಅವರೂ ಮೊದಲು ಕ್ರಿಕೆಟಿಗರೇ. 1835ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹುಟ್ಟಿದ ಅವರು ಅಮೆರಿಕದ ಸಿನ್ಸಿನಾಟಿಗೆ ಹೋದದ್ದು ಕ್ರಿಕೆಟ್ ಕ್ಲಬ್ಬಿನ ಸಂಬಳದ ಆಟಗಾರನಾಗಿ. ಎಲ್ಲ ಆಟಗಾರರಿಗೂ ಬಹಿರಂಗವಾಗಿ ಸಂಬಳ ಕೊಟ್ಟ ಮೊದಲ ಬೇಸ್‌ಬಾಲ್ ತಂಡವನ್ನು 1869ರಲ್ಲಿ ಅಲ್ಲಿಯೇ ಕಟ್ಟಿದರು. ತಾವೂ ಮೈದಾನದ ಹಿಂಬದಿಯ ನಡುಭಾಗವಾದ ಸೆಂಟರ್ ಫೀಲ್ಡ್‌ನಲ್ಲಿ ನಿಂತು ಆಡಿದರು. ಪಂದ್ಯ ಗೊತ್ತುಮಾಡುವುದು, ಪ್ರಯಾಣ, ಲೆಕ್ಕಪತ್ರ ಎಲ್ಲಕ್ಕೂ ಅವರೇ. ಚೆಂಡು ಇನ್ನೊಬ್ಬನ ಕಡೆಗೆ ಹೋದರೂ ಅವನ ಬೆನ್ನಿಗೆ ಓಡಿ ನಿಲ್ಲಬೇಕೆಂದು ಹುಡುಗರಿಗೆ ಕಲಿಸಿದರು. ನಾನೂ ಹಾಕಿಯಲ್ಲಿ ಕಲಿಸಿದ್ದು ಅದನ್ನೇ. ಅವರ ಸಂಬಳ 1,200 ಡಾಲರ್, ತಂಡದಲ್ಲೇ ಇದ್ದ ತಮ್ಮ ಜಾರ್ಜ್‌ನದು 1,400!

ಆ ವರ್ಷ ತಂಡಕ್ಕೆ ಒಂದೂ ಸೋಲಿಲ್ಲ. ಮರುವರ್ಷ ಜೂನ್ 14ರಂದು ಬ್ರೂಕ್ಲಿನ್‌ನಲ್ಲಿ ನಿಗದಿತ ಒಂಬತ್ತು ಇನ್ನಿಂಗ್ಸ್ ಮುಗಿದಾಗ ಎರಡೂ ತಂಡಗಳು ಸಮ. ಎದುರಾಳಿಗಳು ಅಷ್ಟಕ್ಕೇ ತೃಪ್ತರಾಗಿದ್ದರು. ಹ್ಯಾರಿ ಒಪ್ಪಲಿಲ್ಲ, ಆಡಿಯೇ ತೀರೋಣ ಎಂದರು. 11ನೇ ಇನ್ನಿಂಗ್ಸ್‌ನಲ್ಲಿ 8-7ರಿಂದ ಸೋತರು. ಪ್ರತಿ ಬೇಸಿಗೆಯ ಶಿಬಿರದಲ್ಲಿ ಈ ಪಂದ್ಯದ ಕತೆ ಹೇಳುತ್ತಿದ್ದೆ. ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಿದ್ದರು.

ಮುಂದೆ ಬಾಸ್ಟನ್ ತಂಡವನ್ನು 1872ರಿಂದ ಸತತ ನಾಲ್ಕು ವರ್ಷ, ಮತ್ತೆ 1877, 1878ರಲ್ಲಿ ಚಾಂಪಿಯನ್ ಮಾಡಿದರು. 1895ರಲ್ಲಿ ತೀರಿಕೊಂಡ ಅವರಿಗೆ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ನಲ್ಲಿ ಸ್ಥಾನ ಸಿಕ್ಕಿದ್ದು 1953ರಲ್ಲಿ, 58 ವರ್ಷ ತಡವಾಗಿ.

ನಮ್ಮಲ್ಲೂ ಅಂಥವರಿದ್ದಾರೆ. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ಭಾರತ ತಂಡದ ನಾಯಕ ಎಂ.ಪಿ. ಗಣೇಶ್ ಬಳಿಕ ತರಬೇತುದಾರರಾದದ್ದು ಕೊಡಗಿಗೆಲ್ಲ ಗೊತ್ತು. ಆದರೆ ಹೆಸರಿಲ್ಲದವರು? ನಮ್ಮೂರಿನ ಮಾಜಿ ಆಟಗಾರರೊಬ್ಬರು ಕಾಫಿ ಕೊಯ್ಲಿನ ದಿನಗಳಲ್ಲೂ ಸಂಜೆ ತಪ್ಪದೆ ಮೈದಾನಕ್ಕೆ ಬರುತ್ತಾರೆ, ಮುರಿದ ಸ್ಟಿಕ್‌ಗಳಿಗೆ ತಾವೇ ಟೇಪು ಸುತ್ತುತ್ತಾರೆ. ಆ ಫೈನಲ್ ಗೆದ್ದದ್ದು ಅವರ ಹುಡುಗಿಯರೇ. ಮುಂದಿನ ವರದಿಯಲ್ಲಿ ಗೋಲು ಹೊಡೆದವರ ಕೆಳಗೆ, ಅತಿಥಿಗಳಿಗಿಂತ ಮೇಲೆ, ತರಬೇತುದಾರರಿಗೆ ಒಂದು ಸಾಲು ಕೊಡಿ ಎಂದು ಕೇಳಿಕೊಳ್ಳುತ್ತೇನೆ.

– ನಿವೃತ್ತ ದೈಹಿಕ ಶಿಕ್ಷಕ, ಅಮ್ಮತ್ತಿ, ಕೊಡಗು