ಫ್ಯಾನಿನ ಪಾಯಿಂಟಿಗೆ ಹೀಟರ್

ಮಾನ್ಯ ಸಂಪಾದಕರೇ,

ಆರಿದ್ರಾದಲ್ಲಿ ಹಿಡಿದ ಮಳೆ ಪುನರ್ವಸು ಬಂದರೂ ಬಿಟ್ಟಿಲ್ಲ. ಶಿರಸಿ ಪೇಟೆಯಲ್ಲಿ ಕೊಡೆಗಳ ಪಕ್ಕದಲ್ಲೇ ರೂಮ್ ಹೀಟರ್‌ಗಳೂ ಮಾರಾಟಕ್ಕೆ ಕೂತಿವೆ. ಕೊಳ್ಳಲು ಬರುವವರ ಮನೆಯಲ್ಲಿ ಸಾಮಾನ್ಯವಾಗಿ ಬಾಣಂತಿ, ಹಸುಗೂಸು ಇರುತ್ತವೆ. ಹೋದ ಮಳೆಗಾಲದಲ್ಲಿ ನಾನೂ ಕೊಂಡೆ. ಅದಕ್ಕೇ ಈ ಪತ್ರ.

ಮಗಳಿರುವುದು ಕಾರವಾರದಲ್ಲಿ. ಅಲ್ಲಿ ವರ್ಷವಿಡೀ ಫ್ಯಾನ್ ತಿರುಗುತ್ತಿರಬೇಕು. ಬಾಣಂತನಕ್ಕೆಂದು ಘಟ್ಟ ಹತ್ತಿ ಬಂದವಳಿಗೆ ನಮ್ಮ ಥಂಡಿ ತಡೆಯಲಾಗಲಿಲ್ಲ. 2000 ವಾಟಿನ ಹೀಟರ್ ತಂದೆವು. ಅದರ ದಪ್ಪ ಪಿನ್ನು ಕೋಣೆಯ ಪಾಯಿಂಟಿಗೆ ಹಿಡಿಸುವುದಿಲ್ಲ ಎಂದದ್ದಕ್ಕೆ ಅಂಗಡಿಯವ ಒಂದು ಕನ್ವರ್ಟರ್ ಪಿನ್ ಕೊಟ್ಟು, ‘ಎಲ್ಲರೂ ಇದನ್ನೇ ಒಯ್ತಾರೆ’ ಎಂದ.

ಮಗುವಿನ ಬಟ್ಟೆ, ಅಂದರೆ ಹಳೆ ಪಂಚೆಯ ತುಂಡುಗಳು, ಮೂರು ದಿನವಾದರೂ ಒಣಗುತ್ತಿರಲಿಲ್ಲ. ಬಚ್ಚಲ ಒಲೆಯ ಮೇಲೆ ಗಳ ಕಟ್ಟಿ ಬಟ್ಟೆ ಹರವಿ ಬೆಳೆದವಳು ನಾನು. ಒಂದು ರಾತ್ರಿ ನಾಲ್ಕು ತುಂಡು ತಂದು ಹೀಟರಿನ ಮೇಲೆ ಹಾಕಿದೆ. ಹಾಕಿದ್ದು ನಾನೇ, ಯಾರನ್ನೂ ದೂರುವಂತಿಲ್ಲ. ಬಟ್ಟೆ ಕೂತರೆ ಗಾಳಿ ಹೊರಬರುವ ದಾರಿ ಮುಚ್ಚಿ ಯಂತ್ರವೇ ಕಾದು ಕೆಂಪಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು? ಕಮಟು ವಾಸನೆಗೆ ಮಗಳು ಎದ್ದಳು. ಮೇಲಿನ ತುಂಡು ಕಂದಾಗಿ ಹೊಗೆಯಾಡುತ್ತಿತ್ತು. ತೊಟ್ಟಿಲು ಅಲ್ಲಿಂದ ಎರಡು ಮಾರು ದೂರವೂ ಇರಲಿಲ್ಲ.

ಮಾರನೇ ದಿನ ವೈರಿಂಗ್ ಹುಡುಗ ಬಂದು ಪಾಯಿಂಟು ಬಿಚ್ಚಿದ. ಒಳಗೆ ಎಲ್ಲ ಕರಗಿ ಕಪ್ಪಾಗಿತ್ತು. ‘ಅಮ್ಮಾ, ಇದು ಫ್ಯಾನು, ಲೈಟಿಗೆ ಕೊಟ್ಟ ಪಾಯಿಂಟು’ ಎಂದು ಲೆಕ್ಕ ಹೇಳಿದ. 2000 ವಾಟನ್ನು 230 ವೋಲ್ಟಿನಿಂದ ಭಾಗಿಸಿದರೆ ಹತ್ತಿರ ಹತ್ತಿರ 9 ಆಂಪಿಯರ್. ಸಣ್ಣ ಪಾಯಿಂಟು ತಾಳುವುದು 5 ಅಥವಾ 6. ಹೀಟರಿಗೆ 16 ಆಂಪಿಯರಿನ ಪವರ್ ಪಾಯಿಂಟೇ ಬೇಕು, ಅದರ ಹಿಂದಿನ ತಂತಿಯೂ ದಪ್ಪಗಿರಬೇಕು. ಕನ್ವರ್ಟರ್ ಪಿನ್ನು ಆಕಾರವನ್ನಷ್ಟೇ ಹೊಂದಿಸುತ್ತದೆ. ಎಕ್ಸ್‌ಟೆನ್ಶನ್ ಬೋರ್ಡಿನ ಕತೆಯೂ ಅಷ್ಟೇ.

ಹಾಗಾದರೆ ಮೊದಲಿನಂತೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಡಿ ಎನ್ನುವ ಹಿರಿಯರಿದ್ದಾರೆ. ನಮ್ಮ ಹಂಚಿನ ಮಾಡಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು ಸ್ವಾಮಿ. ಈಗಿನ ಸ್ಲ್ಯಾಬಿನ ಕೋಣೆಯಲ್ಲಿ ಗಾಜಿನ ಕಿಟಕಿ ಎಳೆದುಕೊಂಡು ಕೆಂಡವಿಟ್ಟರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಎಚ್ಚರವೇ ಆಗದಿರಬಹುದು. ನಮ್ಮನೆಯ ಪಂಚೆ ತುಂಡು ವಾಸನೆಯನ್ನಾದರೂ ಕೊಟ್ಟಿತು.

ಹೀಟರ್ ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮಲ್ಲಿ ಈಗಲೂ ಇದೆ. ಅಡ್ಡಬಿದ್ದರೆ ತಾನೇ ಆರುವಂಥದ್ದು, ಐಎಸ್‌ಐ ಗುರುತಿನದ್ದು. ಹಾಸಿಗೆ, ಪರದೆ, ತೊಟ್ಟಿಲಿನಿಂದ ಮೂರಡಿಗಿಂತ ಹೆಚ್ಚು ದೂರ ಇಡುತ್ತೇವೆ. ಕೋಣೆ ಬೆಚ್ಚಗಾದದ್ದೇ ಆರಿಸಿ, ಮಗುವಿಗೆ ಟೊಪ್ಪಿ ಹಾಕಿ ಮಲಗುತ್ತೇವೆ. ದೊಡ್ಡ ಮೊಮ್ಮಗನಿಗೆ ಮೂರು ವರ್ಷ, ಕೆಂಪಗೆ ಹೊಳೆದದ್ದನ್ನೆಲ್ಲ ಮುಟ್ಟುವ ವಯಸ್ಸು. ಹಾಗಾಗಿ ಹೀಟರ್ ಉರಿಯುವಷ್ಟು ಹೊತ್ತು ದೊಡ್ಡವರೊಬ್ಬರು ಅಲ್ಲೇ ಕೂರುತ್ತಾರೆ. (ಬಕೆಟಿನಲ್ಲಿ ನೀರು ಕಾಯಿಸುವ ರಾಡಿನ ಬಗ್ಗೆ ಬರೆದರೆ ಇನ್ನೊಂದು ಪತ್ರವೇ ಆದೀತು.)

ಕೇಳಿಕೊಳ್ಳುವುದು ಇಷ್ಟೇ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ 42 ದಿನದೊಳಗೆ ಆಶಾ ಕಾರ್ಯಕರ್ತೆಯರು ಆರು ಸಲ ಮನೆಗೆ ಬಂದು ಮಗುವಿನ ತೂಕ, ಮೈಬಿಸಿ ನೋಡಿ ಹೋಗುತ್ತಾರೆ. ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಆಗಲೇ ‘ಕೋಣೆ ಹೇಗೆ ಬೆಚ್ಚಗಿಡುತ್ತೀರಿ, ಬಟ್ಟೆ ಎಲ್ಲಿ ಒಣಗಿಸುತ್ತೀರಿ’ ಎಂದು ಕೇಳುವಂತೆ ಆರೋಗ್ಯ ಇಲಾಖೆ ಅವರಿಗೆ ತಿಳಿಸಲಿ. ಹೀಟರ್ ಮಾರುವವರು ‘ಮನೆಯಲ್ಲಿ ಪವರ್ ಪಾಯಿಂಟ್ ಉಂಟೋ’ ಎಂದು ಕೇಳಿ ಆಮೇಲೆ ಬಿಲ್ ಬರೆಯಲಿ.

ಮೊನ್ನೆ ಅದೇ ಅಂಗಡಿಗೆ ಹೋಗಿದ್ದೆ. ಕನ್ವರ್ಟರ್ ಪಿನ್ನಿನ ಡಬ್ಬ ಇನ್ನೂ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇದೆ.

– ಒಬ್ಬ ಅಜ್ಜಿ, ಶಿರಸಿ ತಾಲ್ಲೂಕು