ಉಳಬೇಡಿ ಅನ್ನೋರು ಗರಿಕೆ, ಕೊನ್ನಾರಿಗೂ ದಾರಿ ಹೇಳ್ಲಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಕೃಷಿ ಪುಟದಲ್ಲಿ ಉಳುಮೆ ಇಲ್ಲದ ಬೇಸಾಯದ ಬಗ್ಗೆ ಬಂದಿತ್ತಲ್ಲ, ಎರಡು ಸಲ ಓದ್ದೆ. ಮಣ್ಣು ಕೆದಕದೆ ಇದ್ರೆ ಎರೆಹುಳ ಉಳೀತಾವೆ, ತೇವ ಬೇಗ ಆರಲ್ಲ, ಡೀಸೆಲ್ ದುಡ್ಡು ಮಿಗುತ್ತೆ ಅಂತೆಲ್ಲ ಬರ್ದಿದ್ರು, ಸರಿನೇ, ಆದ್ರೆ ಗರಿಕೆ ಅನ್ನೋ ಪದ ಇಡೀ ಪುಟದಲ್ಲಿ ಒಂದ್ ಸಲಾನೂ ಇಲ್ಲ, ಕೊನ್ನಾರಿ ಗೆಡ್ಡೆ ಸುದ್ದಿನೂ ಇಲ್ಲ. ರಾಗಿ ಹೊಲ ಮಾಡೋನಿಗೆ ಉಳುಮೆ ಬಿಡೋಕೆ ಇರೋ ಭಯವೇ ಇವೆರಡು ಕಳೆ ಸಾರ್.

ಹರಿಯಾಣದ ಗೋಧಿ ಉದಾಹರಣೆ ಕೊಟ್ಟಿದ್ರು. ಅಲ್ಲಿ ಉಳದೇ ಬಿತ್ತಿ ಕಳೆ ಕಮ್ಮಿ ಆಗಿದ್ದು ನಿಜ. ಆದ್ರೆ ಅಲ್ಲಿ ಕಾಟ ಕೊಡೋದು ಗುಲ್ಲಿ ದಂಡಾ ಅನ್ನೋ ಹುಲ್ಲು, ಬೀಜದಿಂದ ಹುಟ್ಟಿ ಅದೇ ಬೆಳೆ ಜತೆ ಸಾಯೋದು, ಮಣ್ಣು ಅಲ್ಲಾಡದೆ ಇದ್ರೆ ಒಳಗಿನ ಬೀಜ ಮೇಲಕ್ಕೆ ಬರಲ್ಲ. ನಮ್ಮ ಗರಿಕೆ ಗೆಣ್ಣುಗೆಣ್ಣಿಗೂ ಬೇರು ಬಿಡೋ ಜಾತಿ. ಕೊನ್ನಾರಿ ಅಂತೂ ನೆಲದೊಳಗೆ ಮಣಿಸರದ ಥರ ಗೆಡ್ಡೆ ಪೋಣಿಸ್ಕೊಂಡಿರುತ್ತೆ, ಸರ ಹಂಗೇ ಇದ್ರೆ ಒಂದೆರಡು ಮೊಳೆತು ಮಿಕ್ಕಿದ್ದು ಮಲಗಿರ್ತಾವೆ, ತುಂಡಾಯ್ತೋ ಒಂದೊಂದೂ ಎದ್ದು ಕೂರುತ್ತೆ.

ಇದನ್ನ ನಾನು ಕಲಿತಿದ್ದು ದುಡ್ಡು ಕೊಟ್ಟು. 2019ರಲ್ಲಿ ನಮ್ಮ ಎರಡೆಕರೆಯಲ್ಲಿ ಕೊನ್ನಾರಿ ಇದ್ದಿದ್ದು ಒಂದು ಮೂಲೇಲಿ, ಬಾವಿ ಪಕ್ಕ. ಬಾಡಿಗೆ ರೋಟವೇಟರ್ ಕರೆಸಿ ನೈಸಾಗಿ ಹೊಡೆಸ್ದೆ, ಹೊಲ ಹಪ್ಪಳದ ಹಿಟ್ಟಿನ ಥರ ಆಯ್ತು, ನೋಡೋಕೆ ಖುಷಿ. ಎರಡು ಮಳೆ ಬಿದ್ಮೇಲೆ ನೋಡಿದ್ರೆ ಮೂಲೇಲಿದ್ದ ಗೆಡ್ಡೆನ ಬ್ಲೇಡು ಕೊಚ್ಚಿ ಹೊಲ ಪೂರ್ತಿ ಬಿತ್ತನೆ ಮಾಡಿತ್ತು. ನಮ್ಮಪ್ಪ ಏನೂ ಅನ್ನಲಿಲ್ಲ, ಹಾರೆ ತಂದು ಮುಂದಿಟ್ರು ಅಷ್ಟೇ.

ಹಂಗಂತ ಉಳೋದು ನಿಲ್ಸಿದ್ರೆ ಸಾಕಾ? ಸಾಕಾಗಲ್ಲ, ಹಂಗೇ ಬಿಟ್ರೆ ಗರಿಕೆ ಚಾಪೆ ಹಾಸುತ್ತೆ. ಆಗ ಎಲ್ರೂ ಹೇಳೋದು ಗ್ಲೈಫೋಸೇಟ್ ಅನ್ನೋ ಕಳೆನಾಶಕ. 2022ರಲ್ಲಿ ಕೇಂದ್ರ ಸರ್ಕಾರ ಅದನ್ನ ಲೈಸೆನ್ಸ್ ಇರೋ ಕೀಟನಿಯಂತ್ರಕರು ಮಾತ್ರ ಬಳಸ್ಬೇಕು ಅಂತ ಆದೇಶ ಹೊರಡಿಸ್ತು, ಊರಲ್ಲಿ ಮಾತ್ರ ಎಲ್ಲರ ಹೆಗಲಲ್ಲೂ ಕ್ಯಾನು. ಅದೂ ಹೊಡೆಯೋದು ಏಪ್ರಿಲ್ ಬಿಸಿಲಲ್ಲಿ, ಗರಿಕೆ ಒಣಗಿ ಮಲಗಿದ್ದಾಗ. ಆ ಔಷಧಿ ಹಸಿರೆಲೆ ಕುಡಿದು ಬೇರಿಗೆ ಇಳಿಸಿದ್ರೆ ತಾನೇ ಕೆಲಸ, ಕೆಸರು ನೀರಲ್ಲಿ ಕಲಸಿದ್ರೆ ಮಣ್ಣಿಗೇ ಅಂಟ್ಕೊಂಡು ಸತ್ವ ಹೋಗುತ್ತೆ. ಮೇಲೆ ಹಳದಿ ಆಗಿದ್ದು ನೋಡಿ ಸತ್ತೋಯ್ತು ಅಂತಾರೆ, ತಿಂಗಳಿಗೆ ಚಿಗುರು. ನಾನಂತೂ ಅದರ ಸಹವಾಸ ಬಿಟ್ಟೆ.

ನನಗೆ ಸ್ವಲ್ಪನಾದ್ರೂ ಕೈ ಹಿಡಿದಿದ್ದು ನೆರಳು. ಗರಿಕೆಗೂ ಕೊನ್ನಾರಿಗೂ ಬಿಸಿಲು ಬೇಕೇ ಬೇಕು, ನೆರಳು ಬಿದ್ರೆ ಎಲೆಗೆ ಅಡುಗೆ ಮಾಡೋಕಾಗಲ್ಲ, ಗೆಡ್ಡೆಗೆ ಸರಬರಾಜು ನಿಲ್ಲುತ್ತೆ. ಕೃತ್ತಿಕಾ ಮಳೆಗೆ ನೆಲ ಕೆದಕದೆ ಬರೀ ಗೀರು ಹಾಕಿ ಎಕರೆಗೆ 20 ಕೆ.ಜಿ. ಅಪ್ಸೆಣಬು ಅನ್ನೋ ಹಸಿರೆಲೆ ಗೊಬ್ಬರದ ಬೆಳೆ ಒತ್ತಾಗಿ ಬಿತ್ತಿದೆ. ಅದು ಎದೆ ಮಟ್ಟ ಬಂದು ಕೆಳಗೆ ಕತ್ತಲೆ ಮಾಡ್ತು, ಹೂ ಬರೋ ಹೊತ್ತಿಗೆ, 50 ದಿನ ಅಂದ್ಕೊಳ್ಳಿ, ಬುಡಕ್ಕೆ ಕೊಯ್ದು ಅಲ್ಲೇ ಮಲಗಿಸ್ದೆ. ಅದರ ಮೇಲೆ ಒಂದೂವರೆ ಅಡಿಗೊಂದು ಗುಳಿ ತೆಗೆದು ರಾಗಿ ಪೈರು ನೆಟ್ಟಿದ್ದು, ಹಾವೇರಿ ಕಡೆಯವರ ಗುಳಿ ರಾಗಿ ಲೆಕ್ಕ, ಆದ್ರೆ ಅವರು ಸಾಲಿನ ಮಧ್ಯೆ ಮಣ್ಣು ಕೆದಕೋ ಎಡೆಕುಂಟೆ ಹೊಡೀತಾರೆ, ನಾನು ಹೊಡೀಲಿಲ್ಲ. ಹಿಂದಿನೋರು ರಾಗಿ ಮಧ್ಯೆ ಬಿಡೋ ಅಕ್ಕಡಿ ಸಾಲಲ್ಲಿ ಅವರೆ ಹಾಕ್ತಿದ್ರಲ್ಲ, ಅದನ್ನೂ ಹಾಕ್ದೆ, ರಾಗಿ ಕೊಯ್ದ ಮೇಲೂ ಅವರೆ ಬಳ್ಳಿ ನೆಲ ಮುಚ್ಚಿರುತ್ತೆ.

ಮೂರು ವರ್ಷಕ್ಕೆ ಗರಿಕೆ ಹೊಲದೊಳಗೆ ಬಡಕಲಾಗಿದೆ. ಕೊನ್ನಾರಿ ಅಷ್ಟು ಸುಲಭಕ್ಕೆ ಬಗ್ಗಲ್ಲ, ಪ್ಲಾಸ್ಟಿಕ್ ಮಲ್ಚಿಂಗ್ ಶೀಟನ್ನೇ ಚುಚ್ಕೊಂಡು ಬರೋ ಗಿರಾಕಿ ಅದು, ಕಂಡಲ್ಲಿ ಕಿತ್ತು ಕಿತ್ತು ಸೋಲಿಸ್ಬೇಕು. ಮೊದಲ ವರ್ಷ ಇಳುವರಿ ಇಳೀತು, ಅದನ್ನೂ ನಿಮ್ಮ ಲೇಖಕರು ಹೇಳ್ಬೇಕು, ಎರಡೆಕರೆಯವನಿಗೆ ಒಂದು ವರ್ಷದ ರಾಗಿ ಅಂದ್ರೆ ಮನೆ ಊಟ.

ನನ್ನ ಕೇಳಿಕೆ ಒಂದೇ. ಉಳುಮೆ ಬಿಟ್ಟು ಗರಿಕೆ, ಕೊನ್ನಾರಿ ಗೆದ್ದ ಒಣಬೇಸಾಯದ ರೈತರನ್ನ ಹುಡುಕಿ ಬರೆಸಿ, ಸೋತೋರನ್ನೂ ಬರೆಸಿ. ಬದುವಿನ ಗರಿಕೆಗೆ ಏನು ಮಾಡಿದ್ರು ಅಂತ ತಪ್ಪದೆ ಕೇಳಿ. ನಾನು ಒಳಗೆ ಸಾಯಿಸಿದ್ದು ಬದುವಿಂದ ಪ್ರತಿ ಮಳೆಗೂ ಎರಡು ಮೊಳ ಒಳಗೆ ಬರ್ತಿದೆ, ಬದು ತೆಗೆಯೋಣ ಅಂದ್ರೆ ಮಣ್ಣು ಕೊಚ್ಚಿ ಹೋಗದಂಗೆ ಹಿಡ್ಕೊಂಡಿರೋದೂ ಅದೇ ಗರಿಕೆ.

ಇಂತಿ,
ಒಬ್ಬ ರಾಗಿ ಬೆಳೆಗಾರ, ತುಮಕೂರು ಜಿಲ್ಲೆ