ಮನೆಯ ಆಲ್ಬಂಗೆ ಮೈಕಿಗಿಂತ ಕೌದಿ ಮುಖ್ಯ

ಮಾನ್ಯ ಸಂಪಾದಕರೇ,

ರಾಯಚೂರು, ಕೊಪ್ಪಳ ಸೀಮೆಯ ಯುವ ಗಾಯಕರು ತತ್ವಪದದ ಧಾಟಿಯಲ್ಲಿ ಸ್ವಂತ ಹಾಡು ಕಟ್ಟಿ, ಮನೆಯಲ್ಲೇ ಒಬ್ಬರೇ ಕೂತು ರೆಕಾರ್ಡ್ ಮಾಡಿ ಆಲ್ಬಂ ತರುತ್ತಿರುವುದು ಹಿಗ್ಗಿನ ಸಂಗತಿ. ಆದರೆ ಹಲವು ಹಾಡುಗಳಲ್ಲಿ ದನಿ ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ. ಇದಕ್ಕೆ ಅಗ್ಗದ ಮೈಕ್ ಕಾರಣವಲ್ಲ, ಕೋಣೆ ಕಾರಣ.

ಹತ್ತಡಿ ಚೌಕದ ಸ್ಲ್ಯಾಬ್ ಕೋಣೆ, ಕೆಳಗೆ ಫರ್ಸಿ ಕಲ್ಲು. ಚಪ್ಪಾಳೆ ತಟ್ಟಿದರೆ ‘ಝಿಣ್’ ಎಂದು ಬಾಲ ಉಳಿಯುತ್ತದೆ; ಎದುರುಬದುರು ಗೋಡೆಗಳ ನಡುವೆ ಸದ್ದು ಪುಟಿಯುವ ಗುರುತು ಅದು. ಮುದ್ರಣವಾದ ಮೇಲೆ ಅದನ್ನು ದನಿಯಿಂದ ಬೇರ್ಪಡಿಸುವುದು ಬಲು ಕಷ್ಟ. ದಪ್ಪನೆಯ ಎರಡು ಕೌದಿಗಳನ್ನು ಗಾಯಕರ ಬೆನ್ನ ಹಿಂದೆ, ಗೋಡೆಯಿಂದ ನಾಲ್ಕು ಇಂಚು ಬಿಟ್ಟು ಇಳಿಬಿಡಬೇಕು. ಬಹಳ ಜನ ಮೈಕಿನ ಹಿಂದೆ ಕಟ್ಟುತ್ತಾರೆ. ಕಾರ್ಡಿಯಾಯ್ಡ್ ಮೈಕಿನ (ಮುಂದಿನ ಸದ್ದನ್ನೇ ಹೆಚ್ಚು ಹಿಡಿದು, ಹಿಂದಿನದನ್ನು ಕಡಿಮೆ ಹಿಡಿಯುವ ಮೈಕ್) ಮುಖ ಇರುವುದು ಗಾಯಕರತ್ತ, ಹಾಗಾಗಿ ಅವರ ಬೆನ್ನ ಗೋಡೆಯ ಮಾರ್ದನಿಯೇ ಅದಕ್ಕೆ ಹೆಚ್ಚು ಕೇಳುವುದು. ಹಳೆಯ ಮಣ್ಣಿನ ಮಾಳಿಗೆ ಮನೆ ಸಿಕ್ಕರೆ ಅರ್ಧ ಕೆಲಸ ತಪ್ಪಿತು: ಉಬ್ಬುತಗ್ಗಿನ ಗೋಡೆ, ಮೇಲಿನ ತೊಲೆ ಜಂತಿಗಳು ಸದ್ದನ್ನು ಚದುರಿಸುತ್ತವೆ.

ಫ್ಯಾನ್ ಆರಿಸಲೇಬೇಕು, ಆದ್ದರಿಂದ ಬೇಸಿಗೆಯಲ್ಲಿ ನಸುಕಿನ ನಾಲ್ಕರ ಹೊತ್ತೇ ವಾಸಿ. ಚಾರ್ಜರ್ ಕಿತ್ತು ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ನಡೆಸಿದರೆ ‘ಗುಂಯ್’ ಎನ್ನುವುದು ಎಷ್ಟೋ ಸಲ ನಿಲ್ಲುತ್ತದೆ. ಮೈಕ್ ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿರಲಿ. ನೇರ ಹಿಡಿದರೆ ಪಕಾರ, ಭಕಾರದ ಉಸಿರು ಬಡಿಯುತ್ತದೆ. ರೆಕಾರ್ಡಿಂಗ್ ತಂತ್ರಾಂಶದ ಗುಣಮಟ್ಟವನ್ನು 24 ಬಿಟ್, 48 ಕಿಲೋಹರ್ಟ್ಸ್‌ಗೆ ಇಟ್ಟು, ಪದದ ಅತಿ ಏರುದನಿಯ ಸಾಲನ್ನೇ ಹಾಡಿ ನೋಡಿ: ಮೀಟರಿನ ಮುಳ್ಳು ಮೈನಸ್ 6 ಡೆಸಿಬೆಲ್ ದಾಟಬಾರದು.

ಏಕತಾರಿಯನ್ನು ಆಮೇಲೆ ಸೇರಿಸುವ ರೂಢಿ ಬಿಡುವುದು ಒಳ್ಳೆಯದು. ಪದ ಹಾಡುವವರು ಅರ್ಥ ಇರುವಲ್ಲಿ ನಿಲ್ಲುತ್ತಾರೆ, ಪಲ್ಲವಿಗೆ ಬರುವಾಗ ಓಡುತ್ತಾರೆ. ಅವರ ಬೆರಳೂ ಹಾಗೇ ನಡೆಯುತ್ತದೆ. ಕ್ಲಿಕ್ ಟ್ರ್ಯಾಕ್ (ಕಿವಿಯಲ್ಲಿ ಒಂದೇ ಲಯಕ್ಕೆ ಟಕ್ ಟಕ್ ಎನ್ನುವ ಸದ್ದು) ಹಾಕಿದರೆ ಆ ಜೀವವೇ ಹೋಯಿತು. ಎರಡನ್ನೂ ಒಟ್ಟಿಗೆ ಹಿಡಿಯಿರಿ. ಏಕತಾರಿಗೆಂದು ಎರಡನೇ ಮೈಕ್ ಇಟ್ಟರೆ ಮೊದಲನೆಯದರಿಂದ ಮೂರು ಗೇಣು ದೂರವಿರಲಿ, ಇಲ್ಲದಿದ್ದರೆ ಒಂದೇ ದನಿ ಎರಡು ಮೈಕಿಗೆ ತುಸು ಹಿಂದುಮುಂದಾಗಿ ತಲುಪಿ ಟೊಳ್ಳಾಗುತ್ತದೆ. ದಮ್ಮಡಿ, ಹಿಮ್ಮೇಳ ಮಾತ್ರ ಆಮೇಲೆ ಸೇರಿಸಬಹುದು. ಆಗ ತಂತ್ರಾಂಶದ ಬಫರ್ (ಕಂಪ್ಯೂಟರ್ ದನಿಯನ್ನು ಒಮ್ಮೆಗೆ ಎಷ್ಟು ತುಣುಕು ಕೂಡಿಟ್ಟುಕೊಳ್ಳುತ್ತದೆ ಎಂಬ ಲೆಕ್ಕ) 128ಕ್ಕೆ ಇಳಿಸಿ. 1024 ಇದ್ದರೆ ತಮ್ಮ ದನಿ ತಮಗೇ ತಡವಾಗಿ ಕೇಳಿ ಹಾಡುವವರು ಹಿಂದೆ ಬೀಳುತ್ತಾರೆ.

ಕೊನೆಗೆ ನಾಯ್ಸ್ ರಿಡಕ್ಷನ್ (ಹಿನ್ನೆಲೆಯ ಗದ್ದಲ ತೆಗೆಯುವ ಸೌಲಭ್ಯ) ಜೋರಾಗಿ ಹಾಕಬೇಡಿ. ತಂತಿಯ ಝೇಂಕಾರವನ್ನೂ ಅದು ಗದ್ದಲವೆಂದೇ ತಿಳಿದು ಸವರಿಬಿಡುತ್ತದೆ. ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲ ಹಾಡನ್ನೂ ಸುಮಾರು ಮೈನಸ್ 14 ಲಫ್ಸ್ (ಕೇಳುವ ಜೋರಿನ ಅಳತೆ) ಮಟ್ಟಕ್ಕೆ ತರುವುದರಿಂದ, ಹಾಡು ಜೋರಾಗಲೆಂದು ಲಿಮಿಟರಿನಲ್ಲಿ (ಏರುದನಿಯನ್ನು ಅದುಮುವ ಸಾಧನ) ಹಿಂಡಿಯೂ ಲಾಭವಿಲ್ಲ.

ಹಳೆಯ ಧಾಟಿ ಬಳಸಿದಾಗ ಯೂಟ್ಯೂಬಿನಲ್ಲಿ ಯಾವುದೋ ಕ್ಯಾಸೆಟ್ ಕಂಪನಿಯ ಹಕ್ಕಿನ ತಕರಾರು ಬರುವುದುಂಟು. ಮೂಲ ಟೇಕುಗಳನ್ನು ಅಳಿಸದೆ, ದಿನಾಂಕ ಸಮೇತ ಎರಡು ಡ್ರೈವಿನಲ್ಲಿಡಿ. ಉತ್ತರ ಕೊಡಲು ಅವೇ ಸಾಕ್ಷಿ. ಧಾಟಿ ಕಲಿಸಿದ ಹಿರಿಯರ ಹೆಸರು, ಊರನ್ನು ಆಲ್ಬಂ ವಿವರದಲ್ಲಿ ಬರೆಯಿರಿ. ತಮ್ಮ ಪತ್ರಿಕೆಯೂ ಹೊಸ ಆಲ್ಬಂ ಪರಿಚಯಿಸುವಾಗ ಆ ಹೆಸರುಗಳನ್ನು ಕೇಳಿ ಅಚ್ಚು ಮಾಡಬೇಕೆಂದು ವಿನಂತಿ.

– ಜನಪದ ಧ್ವನಿಮುದ್ರಣಾಸಕ್ತರು, ಕೊಪ್ಪಳ